ಬೆಂಕಿಪೊಟ್ಟಣದಷ್ಟು ದೊಡ್ಡ ಹೋರ್ಡಿಂಗ್: ರಸ್ತೆಬದಿಯ ಜಾಹೀರಾತಿಗೆ ಉತ್ಪನ್ನದ ಚಿತ್ರ ತೆಗೆಯುವ ಕ್ರಮ

ಕೆಲವು ವರ್ಷಗಳ ಹಿಂದೆ ಕಾಫಿಪುಡಿ ಮಾರುವ ಒಂದು ಸಂಸ್ಥೆಗಾಗಿ ನಾನು ತೆಗೆದ ಚಿತ್ರವೊಂದು ಕಂಪ್ಯೂಟರಿನ ಪರದೆಯ ಮೇಲೆ ಬಹಳ ಚೆನ್ನಾಗಿ ಕಾಣುತ್ತಿತ್ತು. ಗಾಢ ಕಂದು ಹಿನ್ನೆಲೆ, ಅದರ ಮುಂದೆ ಕಂದು ಬಣ್ಣದ್ದೇ ಪೊಟ್ಟಣ, ಪೊಟ್ಟಣದ ಅಂಚಿನಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಬೆಳಕಿನ ಗೆರೆ, ಮೂಲೆಯಲ್ಲಿ ಹಬೆಯಾಡುವ ಹಿತ್ತಾಳೆಯ ಲೋಟ. ಅಡಿಕೆ ತೋಟಗಳ ನಡುವೆ ಹಾದುಹೋಗುವ ಹೆದ್ದಾರಿಯ ಪಕ್ಕದಲ್ಲಿ 40×20 ಅಡಿಯ ಹೋರ್ಡಿಂಗ್ ಆಗಿ ಅದು ಏರಿದ ಮೂರನೆಯ ದಿನ ಮಾಲೀಕರ ತಂದೆಯವರು ಫೋನ್ ಮಾಡಿ, “ಏನ್ರೀ, ಬೋರ್ಡ್ ಇನ್ನೂ ಖಾಲಿ ಇದೆಯಲ್ಲಾ, ಚಿತ್ರ ಯಾವಾಗ ಹಾಕಿಸ್ತೀರಿ?” ಎಂದು ಕೇಳಿದರು. ನಾನು ಕೂಡಲೇ ಹೋಗಿ ನೋಡಿದೆ. ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ನೂರು ಮೀಟರ್ ದೂರದಿಂದ ಆ ಬೋರ್ಡ್ ತೋಟದ ನೆರಳಿನಲ್ಲಿ ನಿಂತ ಕಪ್ಪು ಹಲಗೆಯಂತೆಯೇ ಇತ್ತು.

ಆ ಚಿತ್ರವನ್ನು ನಲವತ್ತು ಅಡಿಯ ಚಿತ್ರವೆಂದು ಭಾವಿಸಿ ತೆಗೆದದ್ದೇ ನನ್ನ ತಪ್ಪು. ಹೋರ್ಡಿಂಗ್ ದೊಡ್ಡದಾಗಿರುವುದು ಅದನ್ನು ಕಟ್ಟುವವರಿಗೆ ಮತ್ತು ಅದರ ಬಾಡಿಗೆ ಕೊಡುವವರಿಗೆ ಮಾತ್ರ. ನೋಡುವವರ ಕಣ್ಣಿಗೆ ಅದು ಬಹಳ ಚಿಕ್ಕ ಚಿತ್ರ. ಈ ಲೇಖನದಲ್ಲಿ ಹೇಳಿರುವ ಕ್ರಮವೆಲ್ಲ ಈ ಒಂದು ಸಂಗತಿಯಿಂದಲೇ ಹೊರಡುತ್ತದೆ. ವಿವರಣೆಗೆ ಉದಾಹರಣೆಯಾಗಿ ಮಲೆನಾಡಿನ ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ಗಾಜಿನ ಬಾಟಲಿಯನ್ನು ಇಟ್ಟುಕೊಳ್ಳೋಣ. ಅದರ ಎತ್ತರ 12 ಸೆಂಟಿಮೀಟರ್, ಅಗಲ 7 ಸೆಂಟಿಮೀಟರ್. ಗಾಜು, ಎಣ್ಣೆ, ಕೆಂಪು ಮಸಾಲೆ, ಕಾಗದದ ಲೇಬಲ್ ಎಲ್ಲವೂ ಒಟ್ಟಿಗೇ ಇರುವುದರಿಂದ ಛಾಯಾಗ್ರಾಹಕನಿಗೆ ಬರಬಹುದಾದ ತೊಂದರೆಗಳೆಲ್ಲ ಇದೊಂದರಲ್ಲೇ ಬರುತ್ತವೆ.

ಮೊದಲು ಲೆಕ್ಕ

ಬೋರ್ಡಿನ ಅಗಲವನ್ನು ಮೀಟರಿನಲ್ಲಿ ಬರೆದುಕೊಂಡು 60ರಿಂದ ಗುಣಿಸಿ, ನೋಡುವವರ ದೂರವನ್ನೂ ಮೀಟರಿನಲ್ಲೇ ತೆಗೆದುಕೊಂಡು ಅದರಿಂದ ಭಾಗಿಸಿದರೆ, ಕೈ ಚಾಚಿ ಹಿಡಿದ ಕಾಗದದ ಮೇಲೆ ಆ ಬೋರ್ಡ್ ಎಷ್ಟು ಸೆಂಟಿಮೀಟರ್ ಅಗಲ ಕಾಣುತ್ತದೆ ಎಂಬುದು ಸಿಗುತ್ತದೆ. 40 ಅಡಿ ಎಂದರೆ 12.2 ಮೀಟರ್. 120 ಮೀಟರ್ ದೂರದಿಂದ ಅದು 6 ಸೆಂಟಿಮೀಟರ್ ಅಗಲ, 3 ಸೆಂಟಿಮೀಟರ್ ಎತ್ತರ, ಅಂದರೆ ಹೆಚ್ಚುಕಡಿಮೆ ಒಂದು ಬೆಂಕಿಪೊಟ್ಟಣದಷ್ಟು. 200 ಮೀಟರಿನಿಂದಾದರೆ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. 20×10 ಅಡಿಯ ಬೋರ್ಡನ್ನು 60 ಮೀಟರಿನಿಂದ ನೋಡಿದರೂ ಇದೇ ಬೆಂಕಿಪೊಟ್ಟಣ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಆದ್ದರಿಂದ 120 ಮೀಟರ್ ಮುಗಿಯಲು ಏಳು ಸೆಕೆಂಡು. ಕೊನೆಯ ಇಪ್ಪತ್ತು ಮೂವತ್ತು ಮೀಟರಿನಲ್ಲಿ ಬೋರ್ಡ್ ಓರೆಯಾಗಿ ಕಣ್ಣಿನಿಂದ ಜಾರಿಹೋಗುತ್ತದೆ. ಉಳಿದ ಐದು ಸೆಕೆಂಡಿನಲ್ಲಿ ಚಾಲಕನು ಮುಂದಿನ ಲಾರಿಯನ್ನೂ ನೋಡಬೇಕು, ಹೊಂಡವನ್ನೂ ನೋಡಬೇಕು.

ಆದ್ದರಿಂದ ಕ್ಯಾಮೆರಾ ಮುಟ್ಟುವ ಮೊದಲು ಕಾಗದದ ಮೇಲೆ 6×3 ಸೆಂಟಿಮೀಟರಿನ ಹತ್ತು ಹನ್ನೆರಡು ಚೌಕಟ್ಟುಗಳನ್ನು ಎಳೆದುಕೊಂಡು, ದಪ್ಪ ಸ್ಕೆಚ್ ಪೆನ್ನಿನಿಂದಲೇ ವಿನ್ಯಾಸವನ್ನು ಬರೆದು ನೋಡುವುದು ಮೊದಲನೆಯ ಕೆಲಸ. ಪೆನ್ಸಿಲ್ ಬೇಡ, ಅದು ಸೂಕ್ಷ್ಮ ವಿವರಗಳ ಆಸೆ ಹುಟ್ಟಿಸುತ್ತದೆ. ಶಿವಕಾಶಿಯಲ್ಲಿ ಅಚ್ಚಾಗಿ ಬರುತ್ತಿದ್ದ ಹಳೆಯ ಬೆಂಕಿಪೊಟ್ಟಣದ ಚೀಟಿಗಳನ್ನು ನೆನಪಿಸಿಕೊಳ್ಳಿ: ಒಂದು ಬಣ್ಣದ ನೆಲ, ನಡುವೆ ಒಂದು ಹುಲಿ ಅಥವಾ ಒಂದು ಕೀಲಿಕೈ, ಅದರ ಮೇಲೊಂದು ಹೆಸರು. ಅವುಗಳನ್ನು ಬರೆದವರಿಗೆ ಎಷ್ಟು ಜಾಗವಿತ್ತೋ, ಹೆದ್ದಾರಿಯಲ್ಲಿ ನಮಗಿರುವುದೂ ಅಷ್ಟೇ ಜಾಗ.

ಈ ಲೆಕ್ಕ ಎಲ್ಲ ಫಲಕಗಳಿಗೂ ಒಂದೇ ಅಲ್ಲ. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಕೊಡಾಕ್ ಕಂಪನಿಯು 1950ರಿಂದ 1990ರವರೆಗೆ ‘ಕಲರಾಮ’ ಎಂಬ 18 ಅಡಿ ಎತ್ತರ, 60 ಅಡಿ ಅಗಲದ, ಹಿಂದಿನಿಂದ ಬೆಳಗುವ ಚಿತ್ರಗಳನ್ನು ಪ್ರದರ್ಶಿಸುತ್ತಿತ್ತು. ಅಲ್ಲಿ ನೋಡುವವರು ರೈಲಿಗೆ ಕಾಯುತ್ತ ನಿಂತ ಜನ. ಒಂದೊಂದೇ ಮುಖವನ್ನು, ಒಂದೊಂದೇ ಮರವನ್ನು ನಿಧಾನವಾಗಿ ನೋಡುವಷ್ಟು ಸಮಯ ಅವರಿಗಿತ್ತು. ನಮ್ಮ ಮೆಟ್ರೊ ನಿಲ್ದಾಣದ ಒಳಗಿನ ಫಲಕ, ಬಸ್ ತಂಗುದಾಣದ ಫಲಕಗಳು ಈ ಜಾತಿಗೆ ಸೇರಿದವು. ಅಂಥವಕ್ಕೆ ಚಿತ್ರ ತೆಗೆಯುವಾಗ ವಿವರ ತುಂಬಬಹುದು. ಇಲ್ಲಿ ಹೇಳುತ್ತಿರುವುದು ರಸ್ತೆಯ ಬೋರ್ಡಿನ ವಿಷಯ.

ಜಾಗವನ್ನು ನೋಡಿ ಬರುವುದು

ಬೋರ್ಡ್ ಯಾವ ಜಾಗದಲ್ಲಿ ಏರುತ್ತದೆ ಎಂದು ತಿಳಿಯದೆ ಚಿತ್ರ ತೆಗೆಯಲು ಒಪ್ಪಿಕೊಳ್ಳಬೇಡಿ. ಜಾಗ ಇನ್ನೂ ನಿರ್ಧಾರವಾಗಿಲ್ಲ ಎಂದು ಗ್ರಾಹಕರು ಹೇಳಿದರೆ ಕೊನೆಯ ಪಕ್ಷ ಯಾವ ಜಿಲ್ಲೆ, ಊರ ಒಳಗೋ ಹೊರಗೋ ಎಂಬುದನ್ನಾದರೂ ಕೇಳಿ. ಬೆಂಗಳೂರಿನಲ್ಲಿ 2018ರ ಆಗಸ್ಟ್‌ನಲ್ಲಿ ಹೈಕೋರ್ಟಿನ ಆದೇಶದ ನಂತರ ಅಕ್ರಮ ಫ್ಲೆಕ್ಸ್ ಮತ್ತು ಹೋರ್ಡಿಂಗ್‌ಗಳನ್ನು ತೆರವು ಮಾಡಿದ್ದು ಬಹಳ ಜನರಿಗೆ ನೆನಪಿರಬಹುದು. ಬೋರ್ಡಿಗೆ ಸ್ಥಳೀಯ ಸಂಸ್ಥೆಯ ಪರವಾನಗಿ ಇದೆಯೇ ಎಂದು ಕೇಳುವುದು ಛಾಯಾಗ್ರಾಹಕನ ಕೆಲಸವಲ್ಲ ಎನಿಸಬಹುದು. ಆದರೆ ಇಳಿದುಹೋದ ಬೋರ್ಡಿನ ಚಿತ್ರಕ್ಕೆ ಹಣ ವಸೂಲಿ ಮಾಡುವುದು ಎಷ್ಟು ಕಷ್ಟವೆಂದು ಅನುಭವಿಸಿದವರು ಆ ಪ್ರಶ್ನೆಯನ್ನು ಮೊದಲೇ ಕೇಳುತ್ತಾರೆ.

ಜಾಗಕ್ಕೆ ಹೋದಾಗ ವಾಹನ ಬೇರೆಯವರು ಓಡಿಸಲಿ, ನೀವು ಪಕ್ಕದಲ್ಲಿ ಕೂತು ಎರಡು ಮೂರು ಸಲ ಹಾದುಹೋಗಿ. ನೋಡಬೇಕಾದ ಸಂಗತಿಗಳು ಹೀಗಿವೆ. ಬೋರ್ಡಿನ ಯಾವ ಭಾಗ ಮೊದಲು ಕಣ್ಣಿಗೆ ಬೀಳುತ್ತದೆ? ನಮ್ಮಲ್ಲಿ ವಾಹನಗಳು ಎಡಬದಿಯಲ್ಲಿ ಸಾಗುವುದರಿಂದ, ರಸ್ತೆಯ ಎಡಕ್ಕಿರುವ ಬೋರ್ಡಿನ ಎಡ ಅರ್ಧವು ಮರಗಳ, ಅಂಗಡಿಗಳ, ನಿಂತ ಲಾರಿಗಳ ಹಿಂದೆ ಹೆಚ್ಚು ಹೊತ್ತು ಅಡಗಿರುತ್ತದೆ. ರಸ್ತೆಯ ಕಡೆಗಿರುವ ಬಲ ಅಂಚು ಮೊದಲು ಕಾಣುತ್ತದೆ, ಕೊನೆಯವರೆಗೂ ಕಾಣುತ್ತದೆ. ಹಾಗಿದ್ದಲ್ಲಿ ಉತ್ಪನ್ನವನ್ನು ಬಲಕ್ಕಿಟ್ಟು ಅಕ್ಷರಗಳನ್ನು ಎಡಕ್ಕಿಡುವುದು ಲೇಸು. ರಸ್ತೆಯ ಬಲಕ್ಕಿರುವ ಬೋರ್ಡಿಗೆ ಇದು ತಿರುವುಮುರುವು. ಕೆಳಗಿನ ನಾಲ್ಕೈದು ಅಡಿ ಬಸ್ಸುಗಳ ಹಿಂದೆ, ಕಾಂಪೌಂಡಿನ ಹಿಂದೆ ಮರೆಯಾಗುತ್ತದೆಯೇ? ಕರೆಂಟು ತಂತಿಗಳು ಬೋರ್ಡಿನ ಯಾವ ಎತ್ತರದಲ್ಲಿ ಅಡ್ಡ ಹಾದುಹೋಗುತ್ತವೆ? ತಂತಿಯನ್ನು ಚಿತ್ರದಲ್ಲಿ ಅಳಿಸಬಹುದು, ರಸ್ತೆಯಲ್ಲಿ ಅಳಿಸಲಾಗುವುದಿಲ್ಲ. ಅದು ಲೇಬಲ್ಲಿನ ಮೇಲೆ ಬೀಳದಂತೆ ಬಾಟಲಿಯನ್ನು ಮೇಲೋ ಕೆಳಗೋ ಸರಿಸುವುದಷ್ಟೇ ನಮ್ಮ ಕೈಯಲ್ಲಿದೆ.

ಬೋರ್ಡಿನ ಹಿಂದೆ ಏನಿದೆ ಎಂಬುದು ಇವೆಲ್ಲಕ್ಕಿಂತ ಮುಖ್ಯ. ಶಿವಮೊಗ್ಗದಿಂದ ಸಾಗರದ ಕಡೆಗೆ ಹೋಗುವ ರಸ್ತೆಯಲ್ಲಿ ಮಳೆಗಾಲ ಕಳೆದ ಮೇಲೆ ಹಸಿರು ಬಣ್ಣದ ಬೋರ್ಡ್ ಎಷ್ಟು ದೊಡ್ಡದಿದ್ದರೂ ಕಾಡಿನೊಳಗೆ ಕರಗಿಹೋಗುತ್ತದೆ. ಅದೇ ಹಸಿರು ಕಲಬುರಗಿಯ ಬೇಸಿಗೆಯಲ್ಲಿ ಅರ್ಧ ಮೈಲಿಯಿಂದ ಎದ್ದು ಕಾಣುತ್ತದೆ. ಅಲ್ಲಿ ಮುಳುಗಿಹೋಗುವುದು ಮಣ್ಣಿನ ಬಣ್ಣ. ಬೋರ್ಡಿನ ಹಿಂದೆ ಬರಿ ಆಕಾಶವಿದ್ದರೆ ತಿಳಿನೀಲಿಯನ್ನೂ ಮಾಸಲು ಬಿಳಿಯನ್ನೂ ಬಿಟ್ಟುಬಿಡಬೇಕು. ಪಶ್ಚಿಮಕ್ಕೆ ಮುಖ ಮಾಡಿದ ಬೋರ್ಡಿಗೆ ಸಂಜೆ ನೇರ ಬಿಸಿಲು ಬಿದ್ದು ಬಣ್ಣಗಳು ಉರಿಯುತ್ತವೆ, ಬೆಳಿಗ್ಗೆ ಸೂರ್ಯ ಅದರ ಬೆನ್ನಿಗಿರುವುದರಿಂದ ಇಡೀ ಮುಖ ಮಂಕಾಗಿರುತ್ತದೆ. ಇದನ್ನೆಲ್ಲ ಬರೆದುಕೊಳ್ಳಿ, ಮೊಬೈಲಿನಲ್ಲಿ ಖಾಲಿ ಬೋರ್ಡಿನ ಚಿತ್ರವನ್ನೂ ತೆಗೆದುಕೊಳ್ಳಿ. ಆ ಚಿತ್ರ ಕೊನೆಯಲ್ಲಿ ಬೇಕಾಗುತ್ತದೆ.

ಚೌಕಟ್ಟಿನಲ್ಲಿ ಏನಿರಬೇಕು

ಅಪ್ಪೆಮಿಡಿ ಉಪ್ಪಿನಕಾಯಿ ಎಂದೊಡನೆ ಗ್ರಾಹಕರ ಮನಸ್ಸಿಗೆ ಬರುವುದು ಒಂದು ಪೂರ್ತಿ ಊಟದ ಚಿತ್ರ: ಬಾಳೆಲೆ, ಕುಚ್ಚಲಕ್ಕಿ ಅನ್ನ, ಮಜ್ಜಿಗೆಯ ಲೋಟ, ಪಕ್ಕದಲ್ಲಿ ಭರಣಿ, ಹಿಂದೆ ಹಂಚಿನ ಮನೆ, ಬಡಿಸುತ್ತಿರುವ ಅಜ್ಜಿ. ಪತ್ರಿಕೆಯ ಪುಟಕ್ಕೆ ಇದು ಚೆಂದ. ಬೆಂಕಿಪೊಟ್ಟಣದ ಅಳತೆಗೆ ಇಳಿಸಿ ನೋಡಿದರೆ ಅಜ್ಜಿ ಒಂದು ಚುಕ್ಕೆ, ಅನ್ನ ಒಂದು ಬಿಳಿ ಕಲೆ, ಬಾಟಲಿ ಎಲ್ಲಿದೆಯೋ ತಿಳಿಯದು. ಇರಬೇಕಾದ್ದು ಬಾಟಲಿ, ಅದರ ಜೊತೆಗೆ ಹೆಚ್ಚೆಂದರೆ ಇನ್ನೊಂದೇ ವಸ್ತು.

ಆ ಇನ್ನೊಂದು ವಸ್ತುವಾಗಿ ತೊಟ್ಟಿರುವ ಒಂದು ಮಿಡಿಯನ್ನೇ ನಾನು ಆರಿಸುತ್ತೇನೆ. ಮಲೆನಾಡಿನವರಿಗೆ ತೊಟ್ಟು ಕಂಡರೆ ಸಾಕು, ಇದು ಹೆಚ್ಚಿದ ಮಾವಿನಕಾಯಿಯಲ್ಲ, ಇಡೀ ಮಿಡಿ ಎಂಬುದು ಗೊತ್ತಾಗುತ್ತದೆ. ಸೊನೆ ಉಳಿಯಲೆಂದು ತೊಟ್ಟಿನ ಸಮೇತ ಕೊಯ್ದದ್ದು ಎಂಬುದೂ ಗೊತ್ತಾಗುತ್ತದೆ. ಮಿಡಿಯನ್ನು ಬಾಟಲಿಯಿಂದ ದೂರ ಇಡಬಾರದು. ದೂರವಿಟ್ಟರೆ ಚಿಕ್ಕ ಅಳತೆಯಲ್ಲಿ ಎರಡು ಪ್ರತ್ಯೇಕ ಕಲೆಗಳಾಗಿ ಕಣ್ಣನ್ನು ಹಂಚಿಕೊಳ್ಳುತ್ತವೆ. ಬಾಟಲಿಯ ಬುಡದ ಒಂದು ಮೂಲೆಯನ್ನು ತುಸು ಮುಚ್ಚುವಂತೆ ಮುಂದಿಟ್ಟರೆ ಎರಡೂ ಸೇರಿ ಒಂದೇ ಆಕೃತಿಯಾಗುತ್ತದೆ. ತೊಟ್ಟು ಹೊರಗಡೆಗೆ, ಖಾಲಿ ಹಿನ್ನೆಲೆಯ ಕಡೆಗೆ ಚಾಚಿರಲಿ. ಬಾಟಲಿಯ ಮೇಲೆ ಚಾಚಿದರೆ ಅದು ಕಾಣುವುದೇ ಇಲ್ಲ.

ಎತ್ತರವಾದ ಬಾಟಲಿಯನ್ನು ಅಡ್ಡಗಲದ ಬೋರ್ಡಿನಲ್ಲಿ ಕೂರಿಸುವುದು ಇನ್ನೊಂದು ತೊಡಕು. 20 ಅಡಿ ಎತ್ತರದ ಬೋರ್ಡಿನಲ್ಲಿ ಮೇಲೆ ಕೆಳಗೆ ಸ್ವಲ್ಪ ಬಿಟ್ಟು ಬಾಟಲಿಗೆ 15 ಅಡಿ ಕೊಟ್ಟರೆ ಅದರ ಅಗಲ 9 ಅಡಿಗೂ ಕಡಿಮೆ. ಉಳಿದ 31 ಅಡಿ ಖಾಲಿ. ಈ ಖಾಲಿಯನ್ನು ಕಂಡು ಹೆದರಿ ಬಾಟಲಿಯ ಪಕ್ಕ ಇನ್ನೆರಡು ಬಾಟಲಿ ಇಡಿಸುವವರೇ ಹೆಚ್ಚು. ಹಾಗೆ ಮಾಡಬೇಡಿ. ಅದರಲ್ಲಿ ಅರ್ಧ ಅಕ್ಷರಗಳಿಗೆ ಬೇಕು, ಇನ್ನರ್ಧ ಬಾಟಲಿಯ ಆಕೃತಿ ಎದ್ದು ಕಾಣಲು ಬೇಕು. ಬಾಟಲಿ ಇನ್ನೂ ದೊಡ್ಡದಾಗಬೇಕು ಎನಿಸಿದರೆ ಬುಡವನ್ನು ಬೋರ್ಡಿನ ಕೆಳ ಅಂಚಿನಲ್ಲಿ ಕತ್ತರಿಸಿ, ಮುಚ್ಚಳ ಮತ್ತು ಭುಜವನ್ನು ಪೂರ್ತಿಯಾಗಿ ಉಳಿಸಿಕೊಳ್ಳಬಹುದು. ಬಾಟಲಿಯನ್ನು ಗುರುತಿಸುವುದು ಅದರ ಮೇಲ್ಭಾಗದಿಂದ.

ಹಿನ್ನೆಲೆ

ಕೆಂಪು ಉಪ್ಪಿನಕಾಯಿಗೆ ಬಾಳೆಲೆಯ ಹಸಿರು ಒಪ್ಪುತ್ತದೆ ಎಂದು ಎಲ್ಲರಿಗೂ ಅನ್ನಿಸುತ್ತದೆ. ಮೊಬೈಲಿನ ಪರದೆಯಲ್ಲಿ ಒಪ್ಪುತ್ತದೆ ಕೂಡ. ಆ ಚಿತ್ರವನ್ನು ಒಮ್ಮೆ ಕಪ್ಪು-ಬಿಳುಪಿಗೆ ತಿರುಗಿಸಿ ನೋಡಿ: ಕಡುಗೆಂಪು ಮತ್ತು ಎಲೆಹಸಿರು ಎರಡೂ ಒಂದೇ ಬೂದು ಬಣ್ಣವಾಗಿ ಬಾಟಲಿಯ ಅಂಚು ಮಾಯವಾಗುತ್ತದೆ. ದೂರದಿಂದ ಆಕೃತಿಯನ್ನು ಬೇರ್ಪಡಿಸಿ ತೋರಿಸುವುದು ತಿಳಿ ಮತ್ತು ಗಾಢದ ಅಂತರ. ಬಣ್ಣದ ಭೇದ ನಂತರದ್ದು. ಕೆಂಪು ಹಸಿರಿನ ಭೇದ ತಿಳಿಯದ ಕಣ್ಣಿನವರಿಗಂತೂ ಅಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ಹಿನ್ನೆಲೆಯನ್ನು ಆರಿಸುವಾಗಲೆಲ್ಲ ಕಪ್ಪು-ಬಿಳುಪು ಪರೀಕ್ಷೆಯನ್ನು ಮಾಡಲೇಬೇಕು.

ನಮ್ಮ ಬಾಟಲಿಗೆ ಹಲಸಿನ ತೊಳೆಯಂಥ ಹಳದಿ ಸರಿಹೊಂದುತ್ತದೆ. ಅದರ ಮೇಲೆ ಕಡುಗೆಂಪು ಬಾಟಲಿ ಎದ್ದು ನಿಲ್ಲುತ್ತದೆ, ಕಪ್ಪು ಅಕ್ಷರ ಚೆನ್ನಾಗಿ ಓದಿಸಿಕೊಳ್ಳುತ್ತದೆ, ಮಲೆನಾಡಿನ ಹಸಿರಿನ ಮುಂದೆ ಬೋರ್ಡೂ ಬೇರೆಯಾಗಿ ಕಾಣುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು. ಹಳದಿಯ ಕೆಳಗೆ ಕೆಂಪು ಪಟ್ಟಿಯೊಂದನ್ನು ಎಳೆದು ಅದರಲ್ಲಿ ದೂರವಾಣಿ ಸಂಖ್ಯೆ ಬರೆಸುವ ಆಸೆ ವಿನ್ಯಾಸಕಾರರಿಗೆ ಬರುತ್ತದೆ. ಕರ್ನಾಟಕದಲ್ಲಿ ಮೇಲೆ ಹಳದಿ ಕೆಳಗೆ ಕೆಂಪು ಎಂದರೆ ಒಂದೇ ಅರ್ಥ. ನವೆಂಬರ್ ತಿಂಗಳಲ್ಲಿ ನಿಮ್ಮ ಉಪ್ಪಿನಕಾಯಿಯ ಬೋರ್ಡನ್ನು ಜನ ರಾಜ್ಯೋತ್ಸವದ ಶುಭಾಶಯದ ಫ್ಲೆಕ್ಸ್ ಎಂದುಕೊಂಡು ಓದದೆ ಮುಂದೆ ಹೋಗುತ್ತಾರೆ.

ಹಿಂದೆ ಮಬ್ಬಾದ ಅಡುಗೆಮನೆ, ಮಬ್ಬಾದ ತೋಟ ಇಡುವ ಪದ್ಧತಿ ರಸ್ತೆಯ ಬೋರ್ಡಿಗೆ ಒಗ್ಗುವುದಿಲ್ಲ. ಹತ್ತಿರದಿಂದ ಕಾವ್ಯಮಯವಾಗಿ ಕಾಣುವ ಆ ಮಬ್ಬು ದೂರದಿಂದ ಬೋರ್ಡಿಗೆ ಅಂಟಿದ ಕೊಳೆಯಂತೆ ಕಾಣುತ್ತದೆ. ಒಂದೇ ಬಣ್ಣದ ದೊಡ್ಡ ಚಾರ್ಟ್ ಪೇಪರನ್ನು ಗೋಡೆಯಿಂದ ಮೇಜಿನವರೆಗೆ ಮಡಿಕೆ ಬೀಳದಂತೆ ಬಾಗಿಸಿ ಹಾಸಿದರೆ ಸಾಕು.

ಬಾಟಲಿಗೆ ಬೆಳಕು ಕೊಡುವುದು

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. 12 ಸೆಂಟಿಮೀಟರಿನ ಬಾಟಲಿ 15 ಅಡಿಯಾದಾಗ 38 ಪಟ್ಟು ಹಿಗ್ಗುತ್ತದೆ. ಗಾಜಿನ ಮೇಲೆ ಉಳಿದ ಹೆಬ್ಬೆಟ್ಟಿನ ಗುರುತು ಬೋರ್ಡಿನಲ್ಲಿ ಎರಡು ಅಡಿಯ ಕಲೆ. ಒಂದು ಮಿಲಿಮೀಟರಿನ ಧೂಳಿನ ಕಣ ನಾಲ್ಕು ಸೆಂಟಿಮೀಟರಿನ ಚುಕ್ಕೆ. ಸಿಗ್ನಲ್ಲಿನಲ್ಲಿ ನಲವತ್ತು ಮೀಟರ್ ದೂರ ನಿಂತವರಿಗೆ ಅದು ಸ್ಪಷ್ಟವಾಗಿ ಕಾಣುತ್ತದೆ. ಆದ್ದರಿಂದ ಬಾಟಲಿಯನ್ನು ಒರೆಸಿದ ಮೇಲೆ ಹತ್ತಿಯ ಕೈಗವಸು ಇಲ್ಲದೆ ಮುಟ್ಟಬಾರದು. ಲೇಬಲ್ ವಾಲಿದ್ದರೆ ಅಥವಾ ಅದರಡಿ ಗಾಳಿಗುಳ್ಳೆ ಇದ್ದರೆ ಹೊಸ ಲೇಬಲ್ಲನ್ನು ಕೈಯಿಂದಲೇ ಅಂಟಿಸಬೇಕು. ಕಾರ್ಖಾನೆಯಿಂದ ಒಂದೇ ಬಾಟಲಿ ತರಿಸಿಕೊಳ್ಳದೆ ಒಂದು ಡಜನ್ ತರಿಸಿ, ಅದರಲ್ಲಿ ಮಿಡಿಗಳು ಗಾಜಿಗೆ ಒತ್ತಿ ಚೆನ್ನಾಗಿ ಕಾಣುವುದನ್ನು ಆರಿಸಿಕೊಳ್ಳಿ. ಆರಿಸಿಕೊಳ್ಳುವುದು ತಪ್ಪಲ್ಲ, ಮಾರುವ ಬಾಟಲಿಯಲ್ಲಿ ಇಲ್ಲದ್ದನ್ನು ತುಂಬಿ ತೋರಿಸುವುದು ತಪ್ಪು.

ಗಾಜಿನ ವಸ್ತುವಿಗೆ ನೇರವಾಗಿ ಬೆಳಕು ಹಾಕಿದರೆ ಗಾಜು ಕಾಣುವುದಿಲ್ಲ, ದೀಪ ಕಾಣುತ್ತದೆ. ಗಾಜಿನಲ್ಲಿ ನಾವು ನೋಡುವುದು ಸುತ್ತಲಿನ ವಸ್ತುಗಳ ಪ್ರತಿಬಿಂಬವನ್ನು; ಆದ್ದರಿಂದ ಪ್ರತಿಬಿಂಬವಾಗಬೇಕಾದ್ದನ್ನು ನಾವೇ ಜೋಡಿಸಿಡಬೇಕು. ಬಾಟಲಿಯ ಎಡಕ್ಕೆ, ಒಂದಡಿ ದೂರದಲ್ಲಿ, ಬಾಟಲಿಗಿಂತ ಮೂರು ಪಟ್ಟು ಎತ್ತರದ ಬಟರ್ ಪೇಪರಿನ ಪರದೆಯನ್ನು ಚೌಕಟ್ಟಿಗೆ ಬಿಗಿದು ನಿಲ್ಲಿಸಿ, ಅದರ ಹಿಂದಿನಿಂದ ದೀಪ ಕೊಡಿ. ಸ್ಟುಡಿಯೊ ಇಲ್ಲದವರು ಉತ್ತರದ ಕಿಟಕಿಗೆ ಒಂದು ಬಿಳಿ ಪಂಚೆಯನ್ನು ಸುಕ್ಕಿಲ್ಲದಂತೆ ಕಟ್ಟಿಕೊಂಡರೂ ನಡೆಯುತ್ತದೆ. ಪಂಚೆಯ ಜರಿ ಅಂಚು ಮಾತ್ರ ಗಾಜಿನಲ್ಲಿ ಬೀಳದಿರಲಿ. ಆಗ ಬಾಟಲಿಯ ಎಡಮೈಯಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ನೀಳವಾದ ಬಿಳಿ ಗೆರೆ ಮೂಡುತ್ತದೆ. ಆ ಗೆರೆ ಐದಾರು ಮಿಲಿಮೀಟರಾದರೂ ಅಗಲವಿರಬೇಕು. ಪತ್ರಿಕೆಯ ಚಿತ್ರಕ್ಕೆ ಒಂದು ಮಿಲಿಮೀಟರ್ ಸಾಕಿತ್ತು, ಅದೇ ಸೊಗಸು ಕೂಡ. ಬೋರ್ಡಿನಲ್ಲಿ ಅದು ನಾಲ್ಕು ಸೆಂಟಿಮೀಟರ್ ಆಗಿ, 120 ಮೀಟರ್ ದೂರದಿಂದ ಕಣ್ಣು ಹಿಡಿಯಬಲ್ಲ ಮಿತಿಗೆ ಬಂದು ನಿಲ್ಲುತ್ತದೆ. ನನ್ನ ಕಾಫಿಪುಡಿಯ ಪೊಟ್ಟಣದ ಅಂಚಿನ ಗೆರೆ ಸೋತದ್ದು ಇಲ್ಲೇ.

ಬಲಗಡೆ, ಕ್ಯಾಮೆರಾಕ್ಕೆ ಕಾಣದಂತೆ, ಬಾಟಲಿಗೆ ಆದಷ್ಟು ಹತ್ತಿರ ಒಂದು ಕಪ್ಪು ಕಾರ್ಡನ್ನು ನಿಲ್ಲಿಸಿ. ಅದರ ಪ್ರತಿಬಿಂಬದಿಂದ ಗಾಜಿನ ಬಲ ಅಂಚು ಕಪ್ಪಾಗಿ, ಹಳದಿ ಹಿನ್ನೆಲೆಯಿಂದ ಬಾಟಲಿ ಬೇರ್ಪಡುತ್ತದೆ. ಒಳಗಿನ ಮಸಾಲೆ ಕಪ್ಪಗೆ ಕೂತು ನಿರ್ಜೀವವಾಗಿ ಕಂಡರೆ, ಬಾಟಲಿಯದೇ ಆಕಾರಕ್ಕೆ ಸ್ವಲ್ಪ ಚಿಕ್ಕದಾಗಿ ಕತ್ತರಿಸಿದ ಬಂಗಾರ ಬಣ್ಣದ ಹಾಳೆಯನ್ನು ಬಾಟಲಿಯ ಬೆನ್ನಿಗೆ ನಿಲ್ಲಿಸಿ, ಹಿಂದಿನಿಂದ ಒಂದು ಚಿಕ್ಕ ದೀಪವನ್ನು ಅದರ ಮೇಲೆ ಬೀಳಿಸಿದರೆ ಎಣ್ಣೆ ತೇಲುವ ಮೇಲಿನ ಭಾಗ ಕೆಂಪಾಗಿ ಬೆಳಗುತ್ತದೆ. ಲೇಬಲ್ಲು ಗಾಜಿಗಿಂತ ಕಪ್ಪಾಗಿ ಉಳಿದರೆ ಮುಂದೆ ಎಡಗಡೆಯಿಂದ ಒಂದು ಥರ್ಮಾಕೋಲ್ ತುಂಡಿನಿಂದ ಬೆಳಕನ್ನು ತಿರುಗಿಸಿ ಕೊಡಬಹುದು.

ತಂಪು ಪಾನೀಯಗಳ ಚಿತ್ರಗಳಲ್ಲಿ ಗ್ಲಿಸರಿನ್ನಿಗೆ ನೀರು ಬೆರೆಸಿ ಬಾಟಲಿಯ ಮೇಲೆ ಹನಿಗಳನ್ನು ಸಿಂಪಡಿಸುವುದು ರೂಢಿ. ಅದನ್ನೇ ಉಪ್ಪಿನಕಾಯಿಯ ಬಾಟಲಿಗೂ ಮಾಡಿದವರನ್ನು ನಾನು ಕಂಡಿದ್ದೇನೆ. ಉಪ್ಪಿನಕಾಯಿಗೆ ನೀರು ತಾಗಿದರೆ ಬೂಷ್ಟು ಬರುತ್ತದೆ ಎಂದು ಚಿಕ್ಕಂದಿನಿಂದ ಬೈಸಿಕೊಂಡು ಬೆಳೆದ ಜನಕ್ಕೆ ಆ ಹನಿಗಳು ತಾಜಾತನವನ್ನಲ್ಲ, ಕೆಟ್ಟುಹೋಗುವ ಭಯವನ್ನು ತೋರಿಸುತ್ತವೆ.

ಇಷ್ಟಾದ ಮೇಲೆ ಬೆಳಕಿನ ಇಡೀ ಜೋಡಣೆಯನ್ನು ತಿರುವುಮುರುವು ಮಾಡಿ, ಅಂದರೆ ಪರದೆ ಬಲಕ್ಕೆ, ಕಪ್ಪು ಕಾರ್ಡು ಎಡಕ್ಕೆ ಬರುವಂತೆ ಇಟ್ಟು, ಇನ್ನೊಂದು ಚಿತ್ರ ತೆಗೆದಿಟ್ಟುಕೊಳ್ಳಬೇಕು. ರಸ್ತೆಯ ಬಲಕ್ಕಿರುವ ಬೋರ್ಡಿಗೆ ಚಿತ್ರವನ್ನು ಕಂಪ್ಯೂಟರಿನಲ್ಲಿ ಎಡಬಲ ತಿರುಗಿಸಿದರಾಯಿತು ಎಂದುಕೊಂಡವರು ಲೇಬಲ್ಲಿನ ಕನ್ನಡ ಅಕ್ಷರಗಳೂ ಕನ್ನಡಿಯ ಅಕ್ಷರಗಳಾಗುತ್ತವೆ ಎಂಬುದನ್ನು ಅಚ್ಚಾದ ಮೇಲೆ ಕಂಡುಕೊಳ್ಳುತ್ತಾರೆ.

ಕ್ಯಾಮೆರಾ ಎಲ್ಲಿರಬೇಕು, ಹೇಗಿರಬೇಕು

ಬೋರ್ಡ್ ಇರುವುದು ನೋಡುವವರ ತಲೆಯ ಮೇಲೆ. ಮೇಲಿನಿಂದ ಕೆಳಕ್ಕೆ ನೋಡಿ ತೆಗೆದ ಚಿತ್ರವನ್ನು ಕತ್ತೆತ್ತಿ ನೋಡಿದಾಗ ವಸ್ತು ಮೈಮೇಲೆ ಜಾರಿ ಬೀಳುವಂತೆ ಕಾಣುತ್ತದೆ. ಲೆನ್ಸನ್ನು ಬಾಟಲಿಯ ಕೆಳಗಿನ ಮೂರನೆಯ ಒಂದು ಭಾಗದ ಎತ್ತರಕ್ಕೆ ಇಳಿಸಿ. ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡದೆ ಮಟ್ಟಸವಾಗಿಯೇ ಇಟ್ಟರೆ ಬಾಟಲಿಯ ಗೆರೆಗಳು ನೇರವಾಗಿ ಉಳಿಯುತ್ತವೆ, ಮುಚ್ಚಳದ ಮೇಲ್ಮೈ ಕಾಣದೆ ಬಾಟಲಿಗೆ ಒಂದು ಗಾಂಭೀರ್ಯ ಬರುತ್ತದೆ. ದೋಸೆ, ಹೋಳಿಗೆ, ಊಟದ ತಟ್ಟೆಗಳಿಗೆ ಈ ಸೂತ್ರ ಹೊಂದುವುದಿಲ್ಲ, ಕೆಳಗಿನಿಂದ ನೋಡಿದರೆ ತಟ್ಟೆಯ ಅಂಚು ಮಾತ್ರ ಕಾಣುತ್ತದೆ. ಅವುಗಳನ್ನು ತುಸು ಮೇಲಿನಿಂದಲೇ ತೆಗೆಯಬೇಕು. ಅದಕ್ಕಾಗಿಯೇ ಹೋರ್ಡಿಂಗಿನಲ್ಲಿ ತಟ್ಟೆಗಿಂತ ಲೋಟ ಗೆಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ.

ಫುಲ್‌ಫ್ರೇಮ್ (ಹಳೆಯ 35 ಎಂ.ಎಂ. ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 100 ಎಂ.ಎಂ. ಲೆನ್ಸ್, ಒಂದೂಕಾಲು ಮೀಟರ್ ದೂರ, ಎಫ್/11 (ಲೆನ್ಸಿನ ಕಿಂಡಿಯನ್ನು ಕಿರಿದಾಗಿಸುವ ಅಳತೆ), ಐಎಸ್‌ಒ 100 (ಬೆಳಕಿಗೆ ಸೆನ್ಸರಿನ ಕಡಿಮೆ ಸಂವೇದನೆ), ಗಟ್ಟಿಯಾದ ಟ್ರೈಪಾಡ್. ಈ ಅಳತೆಯಲ್ಲಿ ಸುಮಾರು 8 ಸೆಂಟಿಮೀಟರ್ ಆಳದವರೆಗೆ ಸ್ಪಷ್ಟತೆ ಸಿಗುವುದರಿಂದ ಇಡೀ ಬಾಟಲಿ ಅದರೊಳಗೆ ಬರುತ್ತದೆ. ಮುಂದಿಟ್ಟ ಮಿಡಿ ಮಬ್ಬಾದರೆ ಅದಕ್ಕೆ ಬೇರೆಯಾಗಿ ಫೋಕಸ್ ಮಾಡಿ ತೆಗೆದು ಎರಡನ್ನೂ ಸೇರಿಸಿ.

ಪಿಕ್ಸೆಲ್ ಸಾಲದೇನೋ ಎಂಬ ಹೆದರಿಕೆ ಎಲ್ಲರಿಗೂ ಇರುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 6000×4000. ಅದನ್ನು 6000×3000ಕ್ಕೆ ಕತ್ತರಿಸಿ 40 ಅಡಿಗೆ ಹಿಗ್ಗಿಸಿದರೆ ಒಂದು ಇಂಚಿಗೆ ಹನ್ನೆರಡೂವರೆ ಪಿಕ್ಸೆಲ್, ಒಂದೊಂದು ಪಿಕ್ಸೆಲ್ಲೂ 2 ಮಿಲಿಮೀಟರ್. ಒಳ್ಳೆಯ ದೃಷ್ಟಿಯವರ ಕಣ್ಣು ಬೇರ್ಪಡಿಸಿ ನೋಡಬಲ್ಲ ಕನಿಷ್ಠ ಕೋನ ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗ. ಆ ಲೆಕ್ಕದಲ್ಲಿ 2 ಮಿಲಿಮೀಟರಿನ ಚುಕ್ಕೆ ಏಳು ಮೀಟರಿನಾಚೆಗೆ ಕಾಣುವುದೇ ಇಲ್ಲ. 2015ರಲ್ಲಿ ಆಪಲ್ ಕಂಪನಿಯು ತನ್ನ ಐಫೋನ್ 6ರ 8 ಮೆಗಾಪಿಕ್ಸೆಲ್ ಕ್ಯಾಮೆರಾದಿಂದ ಜನ ತೆಗೆದ ಚಿತ್ರಗಳನ್ನೇ ಹೋರ್ಡಿಂಗ್‌ಗಳಲ್ಲಿ ಹಾಕಿಸಿತು. ಸಾಲದೆ ಬೀಳುವುದು ಪಿಕ್ಸೆಲ್ ಅಲ್ಲ. ಆದರೂ ಕ್ಯಾಮೆರಾವನ್ನು ಉದ್ದುದ್ದಕ್ಕೆ ತಿರುಗಿಸಿ ಬಾಟಲಿ ಚೌಕಟ್ಟನ್ನು ತುಂಬುವಂತೆ ತೆಗೆದು, ಒಂದೇ ಬಣ್ಣದ ಹಿನ್ನೆಲೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಗಲಕ್ಕೆ ವಿಸ್ತರಿಸಿದರೆ ಬಾಟಲಿಗೇ ಇಂಚಿಗೆ 25 ಪಿಕ್ಸೆಲ್ ಸಿಗುತ್ತದೆ, ಲೇಬಲ್ಲನ್ನು ತಿದ್ದುವುದೂ ಸುಲಭವಾಗುತ್ತದೆ.

ಅಕ್ಷರಕ್ಕೆ ಬಿಡಬೇಕಾದ ಜಾಗ

ಅಕ್ಷರ ಬರೆಸುವವರು ಬೇರೆಯವರಿರಬಹುದು, ಅವುಗಳಿಗೆ ಜಾಗ ಬಿಡುವುದು ಛಾಯಾಗ್ರಾಹಕನ ಹೊಣೆ. ಕಣ್ಣಿನ ವೈದ್ಯರ ಫಲಕದ ಲೆಕ್ಕದಂತೆ, ನಿಂತು ನೋಡುವ ಆರೋಗ್ಯವಂತ ಕಣ್ಣಿಗೆ 120 ಮೀಟರಿನಿಂದ ಇಂಗ್ಲಿಷ್ ದೊಡ್ಡಕ್ಷರ ಓದಲು ಅದು 17 ಸೆಂಟಿಮೀಟರಿಗಿಂತ ಎತ್ತರ ಇರಬೇಕು. ಚಲಿಸುವ ವಾಹನದಿಂದ ಕನ್ನಡ ಓದುವವರಿಗೆ ನಾನು ಅದರ ಮೂರು ಪಟ್ಟು ಕೊಡುತ್ತೇನೆ. ಕನ್ನಡದ ಅಕ್ಷರಗಳು ದುಂಡಗಿವೆ, ಒಂದಕ್ಕೊಂದು ಹೋಲುತ್ತವೆ. ‘ಪ’ಕ್ಕೂ ‘ಷ’ಕ್ಕೂ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಗೆರೆ, ‘ಧ’ಕ್ಕೂ ‘ಥ’ಕ್ಕೂ ಇರುವುದು ಒಂದು ಚುಕ್ಕೆ. ನಮ್ಮ ಉದಾಹರಣೆಯ ‘ಅಪ್ಪೆಮಿಡಿ’, ‘ಉಪ್ಪಿನಕಾಯಿ’ ಎರಡರಲ್ಲೂ ಒತ್ತಕ್ಷರವಿದೆ. ಅಕ್ಷರದ ಮೈ ಎರಡಡಿಯಾದರೆ ಒತ್ತು, ಗುಣಿತ ಸೇರಿ ಸಾಲು ಮೂರಡಿ ಕೇಳುತ್ತದೆ. ಬಾಟಲಿಯ ಎತ್ತರದ ಲೆಕ್ಕ ಹಾಕುವಾಗಲೇ ಇದನ್ನೂ ಸೇರಿಸಿಕೊಳ್ಳಿ. ಲೇಬಲ್ಲಿನ ಮೇಲೆ ಎಂಟು ಮಿಲಿಮೀಟರಿಗಿಂತ ಚಿಕ್ಕದಾಗಿ ಏನು ಬರೆದಿದ್ದರೂ ಅದನ್ನು ಯಾರೂ ಓದುವುದಿಲ್ಲ ಎಂದೇ ತಿಳಿದು, ಓದಿಸಬೇಕಾದ ಹೆಸರನ್ನು ಹೊರಗೆ ಬೇರೆಯಾಗಿ ಬರೆಸಬೇಕು.

ಅಚ್ಚಿಗೆ ಕಳಿಸುವ ಮುನ್ನ

ಜಾಗ ನೋಡಲು ಹೋದಾಗ ತೆಗೆದ ಖಾಲಿ ಬೋರ್ಡಿನ ಚಿತ್ರ ಈಗ ಬೇಕು. ಸಿದ್ಧವಾದ ವಿನ್ಯಾಸವನ್ನು ಅದರೊಳಗೆ ಕೂರಿಸಿ, 6 ಸೆಂಟಿಮೀಟರ್ ಅಗಲಕ್ಕೆ ಅಚ್ಚು ಹಾಕಿ, ವಿಷಯ ಗೊತ್ತಿಲ್ಲದ ಯಾರಿಗಾದರೂ ಕೈದೂರದಲ್ಲಿ ಹಿಡಿದು ಎರಡು ಸೆಕೆಂಡು ತೋರಿಸಿ, ಏನು ಕಂಡಿತು ಎಂದು ಕೇಳಿ. ‘ಚೆನ್ನಾಗಿದೆ’ ಎಂಬುದು ಉತ್ತರವಲ್ಲ.

ಬಣ್ಣಗಳ ವಿಷಯದಲ್ಲಿ ಪರದೆಯನ್ನು ನಂಬಬಾರದು. ಅಚ್ಚಿನ ನಾಲ್ಕು ಶಾಯಿಗಳಲ್ಲಿ ಹೊಳೆಯುವ ಕಿತ್ತಳೆ, ಎಳೆಹಸಿರು, ಕಡುನೀಲಿ ಬಣ್ಣಗಳು ಮಂಕಾಗುತ್ತವೆ. ಬಾಟಲಿಯ ಭುಜ ಮತ್ತು ಲೇಬಲ್ಲಿನ ಒಂದು ಅಂಚು ಸೇರುವ ಮೂರಡಿಯ ತುಂಡನ್ನು ನಿಜ ಅಳತೆಯಲ್ಲೇ, ನಿಜವಾಗಿ ಬಳಸುವ ವಸ್ತುವಿನ ಮೇಲೆಯೇ ಅಚ್ಚು ಹಾಕಿಸಿ, ಹೊರಗೆ ಮಧ್ಯಾಹ್ನದ ಬಿಸಿಲಿನಲ್ಲಿ ಕಟ್ಟಿ ದೂರ ನಿಂತು ನೋಡಬೇಕು. ಕರ್ನಾಟಕದಲ್ಲಿ 2016ರ ಮಾರ್ಚ್‌ನ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಫ್ಲೆಕ್ಸ್ ಕೂಡ ಸೇರಿರುವುದರಿಂದ ಯಾವ ವಸ್ತುವಿನ ಮೇಲೆ ಅಚ್ಚಾಗುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ಹತ್ತಿಬಟ್ಟೆಯಾದರೆ ಶಾಯಿಯನ್ನು ಹೀರಿಕೊಂಡು ಕಪ್ಪು ಬೂದಾಗುತ್ತದೆ. ತಿಳಿ-ಗಾಢದ ಅಂತರವನ್ನು ಚಿತ್ರದಲ್ಲಿ ಅಷ್ಟು ಹೆಚ್ಚಿಸಿಕೊಡಬೇಕಾಗುತ್ತದೆ.

ಕಡತವನ್ನು ಹತ್ತರಲ್ಲಿ ಒಂದರ ಅಳತೆಗೆ, ಅಂದರೆ 48×24 ಇಂಚಿಗೆ, ಇಂಚಿಗೆ 125ರಿಂದ 150 ಪಿಕ್ಸೆಲ್ಲಿನಂತೆ ಕೊಟ್ಟರೆ ಸಾಕು. ದೊಡ್ಡ ಫ್ಲೆಕ್ಸ್‌ಗಳು ಸಾಮಾನ್ಯವಾಗಿ 3.2 ಮೀಟರ್ ಅಗಲದ ಯಂತ್ರಗಳಲ್ಲಿ ಅಚ್ಚಾಗಿ, ಆಮೇಲೆ ತುಂಡುಗಳನ್ನು ಬೆಸೆಯುತ್ತಾರೆ. ಬೆಸುಗೆಯ ಗೆರೆ ಎಲ್ಲಿ ಬರುತ್ತದೆ ಎಂದು ಕೇಳಿ, ಅದು ಬಾಟಲಿಯ ಹೆಸರಿನ ಮೇಲೆ ಹಾಯದಂತೆ ನೋಡಿಕೊಳ್ಳಬೇಕು. ಸುತ್ತಲೂ ಮಡಚಿ ಕಟ್ಟಲು ಎಷ್ಟು ಇಂಚು ಬೇಕೆಂದು ಬೋರ್ಡ್ ಏರಿಸುವವರನ್ನೇ ಕೇಳಿ. ಒಬ್ಬೊಬ್ಬರದು ಒಂದೊಂದು ಲೆಕ್ಕ.

ಬೋರ್ಡ್ ಏರಿದ ಮೇಲೆ

ಮೂರು ಸಲ ಹೋಗಿ ನೋಡಿ: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಟರ ನಂತರ. ಹಗಲಿನಲ್ಲಿ ಕಾಣುವ ದೋಷ ಹೆಚ್ಚಾಗಿ ಸುಕ್ಕು; ಲೇಬಲ್ಲಿನ ಮೇಲೆ ಸುಕ್ಕು ಬಿದ್ದಿದ್ದರೆ ಮತ್ತೆ ಎಳೆದು ಕಟ್ಟಿಸಬೇಕು, ಮೊದಲ ಮಳೆ ಗಾಳಿಗೆ ಅದು ಇನ್ನಷ್ಟು ಜೋಲುತ್ತದೆ. ರಾತ್ರಿಯ ದೋಷ ಬೇರೆ. ಕೆಳಗಿನಿಂದ ಮೇಲಕ್ಕೆ ಹಾಯುವ ದೀಪಗಳು ಬಾಟಲಿಯ ಬುಡವನ್ನು ಬೆಳ್ಳಗೆ ಸುಟ್ಟು, ಮುಚ್ಚಳವನ್ನು ಕತ್ತಲಲ್ಲಿ ಬಿಟ್ಟಿರುತ್ತವೆ. ದೀಪದ ಕೋನವನ್ನು ಒಂದು ಗೇಣು ತಿರುಗಿಸಿದರೆ ಇದು ಸರಿಹೋಗುತ್ತದೆ, ಆದರೆ ಅದಕ್ಕೆ ಏಣಿ ಬೇಕು, ಏಣಿ ಹತ್ತುವವರು ಬೇಕು, ಅವರು ಬರುವುದು ಹೇಳಿದ ದಿನವಲ್ಲ. ಬೋರ್ಡ್ ಏರಿದ ಮೊದಲ ವಾರದಲ್ಲಿ ದೀಪ ಸರಿಪಡಿಸಲು ಒಂದು ಸಲ ಬಂದುಹೋಗಬೇಕು ಎಂಬ ಸಾಲನ್ನು ಬಾಡಿಗೆಯ ಕರಾರಿನಲ್ಲಿ ಸೇರಿಸುವಂತೆ, ಚಿತ್ರ ತೆಗೆಯಲು ಒಪ್ಪಿಕೊಳ್ಳುವ ದಿನವೇ ಗ್ರಾಹಕರಿಗೆ ಹೇಳಿಬಿಡಿ.